ಗಡಿನಾಡಿನಲ್ಲಿ ಕನ್ನಡ ಗಾನಮುದ್ರಿಕೆಗಳ ಏಳುಬೀಳು

ಇಂದು ರಾಯದುರ್ಗದ ಪೇಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸುತ್ತಿದರೂ, ಹಣ ಕೊಟ್ಟು ಒಂದು ಕನ್ನಡ ಹಾಡನ್ನು ಕೊಂಡು, ಕೈಯಲ್ಲಿ ಹಿಡಿದು ಮನೆಗೆ ತರುವುದು ಸಾಧ್ಯವಾಗದು. ಮಡಕಶಿರದಲ್ಲಿಯೂ ಸ್ಥಿತಿ ಬೇರೆಯಲ್ಲ. ಹಾಗೆಂದ ಮಾತ್ರಕ್ಕೆ ಊರಿನಲ್ಲಿ ಹಾಡಿಗೆ ಬರ ಬಂದಿದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಹೊಲಿಗೆಯ ಯಂತ್ರದ ಮುಂದೆ ಕುಳಿತವನ ಕಿವಿಯಲ್ಲಿ ಹಾಡಿದೆ, ಆಟೋರಿಕ್ಷಾದಲ್ಲಿ ಹಾಡಿದೆ, ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸಿನ ಸೆರಗಿನ ಗಂಟಿನಲ್ಲಿರುವ ಫೋನಿನಲ್ಲಿಯೂ ಹಾಡಿದೆ. ಕಾಣದಾದದ್ದು ಹಾಡನ್ನು ಹೊತ್ತು ತರುತ್ತಿದ್ದ ವಸ್ತು. ಅದನ್ನು ಮಾರುತ್ತಿದ್ದ ಅಂಗಡಿ. ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಮಾತುಕತೆ. ಈ ಮಾರ್ಪಾಡು ಲೋಕದಲ್ಲೆಲ್ಲ ಆಗಿರುವುದೇ ಸರಿ. ಆದರೆ ಗಡಿಯಲ್ಲಿರುವ ಕನ್ನಡಿಗರಾದ ನಮ್ಮ ಪಾಲಿಗೆ ಅದಕ್ಕೆ ಬೇರೊಂದು ಅರ್ಥವೂ ಉಂಟು. ಅದನ್ನು ನಮ್ಮ ಸಂಘದ ಈ ವಾರ್ಷಿಕ ಸಂಚಿಕೆಯಲ್ಲಿ ವಾಚಕರೊಡನೆ ವಿಚಾರಿಸಬೇಕೆಂಬುದು ಪ್ರಕೃತ ಲೇಖನದ ಉದ್ದೇಶ.

ಧ್ವನಿಯನ್ನು ಹಿಡಿದಿಡುವ ವಿದ್ಯೆ ಬಹು ಹಳೆಯದೇನಲ್ಲ. 1877ರಲ್ಲಿ ಅಮೆರಿಕದ ಎಡಿಸನ್ ಮಹಾಶಯನು ತಗಡಿನ ಹಾಳೆ ಸುತ್ತಿದ ಉರುಳೆಯ ಮೇಲೆ ಮಾತನ್ನು ಕೊರೆದು ಮತ್ತೆ ನುಡಿಸಿ ತೋರಿಸಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಬರ್ಲಿನರ್ ಎಂಬವನು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯ ಮೇಲೆ ಅದನ್ನು ಸಾಧಿಸಿದನು. ಉರುಳೆಗಿಂತ ತಟ್ಟೆಯ ಹೆಚ್ಚುಗಾರಿಕೆಯೆಂದರೆ, ಒಂದು ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಿ ತೆಗೆಯಬಹುದಾದದ್ದು. ಗ್ರಂಥಕ್ಕೆ ಮುದ್ರಣಾಲಯವು ಮಾಡಿದ್ದನ್ನೇ ಹಾಡಿಗೆ ಈ ತಟ್ಟೆ ಮಾಡಿತು.

ನಮ್ಮ ದೇಶಕ್ಕೆ ಈ ವ್ಯಾಪಾರವು ಕಾಲಿಟ್ಟದ್ದು 1902ರಲ್ಲಿ. ಆ ವರ್ಷದ ಕೊನೆಗೆ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣ ತಜ್ಞನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾಯನವನ್ನು ಮುದ್ರಿಸಿಕೊಂಡನು. ತಟ್ಟೆಗಳನ್ನು ಒತ್ತುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರಾರೆಂಬುದು ತಿಳಿಯಲೆಂದು ಗಾಯಕಿಯೇ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಸಾರಿ ಹೇಳುತ್ತಿದ್ದಳು. ಆ ಘೋಷಣೆಯನ್ನು ಇಂದಿಗೂ ಕೇಳಬಹುದು. ತಟ್ಟೆಯ ಮುಖ್ಯ ಮೂಲವಸ್ತು ಅರಗು. ಅದು ನಮ್ಮ ಕಾಡುಗಳಲ್ಲಿ ದೊರೆಯುವ ಪದಾರ್ಥ. ನಮ್ಮ ಅರಗು ಹಡಗೇರಿ ಹೋಗಿ, ನಮ್ಮದೇ ಹಾಡನ್ನು ಹೊತ್ತುಕೊಂಡು ಹಿಂದಿರುಗಿ, ನಮಗೇ ಮಾರಾಟವಾಗುತ್ತಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆ ತೆರೆದಮೇಲೆ ಈ ಸುತ್ತುಪ್ರಯಾಣ ತಪ್ಪಿತು.

ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವುದು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ರಾತ್ರಿಯೆಲ್ಲ ರಾಗವನ್ನು ಬೆಳೆಸುವ ವಿದ್ವಾಂಸರು ಅದನ್ನು ಮೂರು ನಿಮಿಷಕ್ಕೆ ಹಿಡಿಸಬೇಕಾಯಿತು. ಇದರಿಂದ ಸಂಗೀತಕ್ಕೆ ಅನ್ಯಾಯವಾಯಿತೆಂದು ವಾದಿಸುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಸಭೆಗೆ ಹೋಗಲು ಅವಕಾಶವಿಲ್ಲದಿದ್ದ ಹೆಂಗಸರೂ ಬಡವರೂ ವಿದ್ವಾಂಸರ ಕಂಠವನ್ನು ಕೇಳಿದ್ದೇ ಈ ಮೂರು ನಿಮಿಷಗಳ ಕೃಪೆಯಿಂದ. ಕನ್ನಡನಾಡಿನ ಕಂಠಗಳೂ ಬೇಗನೆ ತಟ್ಟೆಯನ್ನು ಏರಿದವು. ಗಂಗೂಬಾಯಿ ಹಾನಗಲ್ ಅವರ ಮೊದಲ ತಟ್ಟೆಗಳು 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಬಂದವೆಂಬುದು ಈಗಿನವರಿಗೆ ಸೋಜಿಗವೆನಿಸಬಹುದು. ಮಲ್ಲಿಕಾರ್ಜುನ ಮನಸೂರರು ಅದೇ ಕಾಲದಲ್ಲಿ ತಟ್ಟೆಗೆ ಹಾಡಿದರು. ನಾಟಕ ಕಂಪನಿಗಳ ರಂಗಗೀತೆಗಳು ಬಂದವು. ಆಮೇಲೆ ಪಿ. ಕಾಳಿಂಗರಾಯರು, ಮೋಹನಕುಮಾರಿ ಸೋಹನಕುಮಾರಿಯರೊಡಗೂಡಿ, ನವೋದಯದ ಕವಿಗಳ ಗೀತೆಗಳನ್ನೂ ಜನಪದಗೀತೆಗಳನ್ನೂ ಮನೆಮನೆಗೆ ಮುಟ್ಟಿಸಿದರು. ಪುಸ್ತಕವನ್ನು ಓದಲಾರದವರ ಬಾಯಲ್ಲಿಯೂ ಕನ್ನಡ ಕವಿತೆ ಕುಣಿದಾಡಿದ್ದು ಅಂದಿನಿಂದ ಎಂದರೆ ಅತಿಶಯೋಕ್ತಿಯಲ್ಲ.

ರಾಯದುರ್ಗವು ಆಗ ಮದರಾಸು ಅಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಳ್ಳಾರಿಯಿಂದ ಬರುವ ರೈಲುದಾರಿ ಬಹುಕಾಲ ಇಲ್ಲಿಯೇ ಮುಗಿಯುತ್ತಿತ್ತು. ಬಳ್ಳಾರಿಯ ಪೇಟೆಗೆ ಬಂದ ಸಾಮಾನು ಆ ರೈಲಿನಲ್ಲಿ ರಾಯದುರ್ಗಕ್ಕೆ ಇಳಿಯುವುದು ವಾಡಿಕೆ. ಬಟ್ಟೆಯಂತೆ, ಬೆಲ್ಲದಂತೆ, ಹಾಡಿನ 'ಪ್ಲೇಟು'ಗಳೂ ಹಾಗೆಯೇ ಬಂದವು. ತಟ್ಟೆಯ ನಡುವಿನ ಚೀಟಿಯ ಮೇಲೆ ಕೊಂಬಿನ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರ. ಅದನ್ನು 'ನಾಯಿ ಮಾರ್ಕು' ಎನ್ನುತ್ತಿದ್ದರು. ಅನುಕೂಲವಂತರ ಜಗುಲಿಯ ಮೇಲೆ ಪೆಟ್ಟಿಗೆಯನ್ನಿಟ್ಟು, ಕೀ ಕೊಟ್ಟು, ಮುಳ್ಳನ್ನು ಬದಲಿಸಿ ತಟ್ಟೆ ಹಾಕಿದರೆ ಕೇರಿಯೆಲ್ಲ ನೆರೆಯುತ್ತಿತ್ತೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಅವರ ತಟ್ಟೆಗಳಲ್ಲಿ ಎರಡು ಮಾತ್ರ ಇಂದು ಉಳಿದಿವೆ. ಒಂದು ಬಿರುಕು ಬಿಟ್ಟಿದೆ. ಅರಗಿನ ತಟ್ಟೆ ಕೈಜಾರಿದರೆ ಮಡಕೆಯಂತೆ ಒಡೆಯುವುದಷ್ಟೆ.

1953ನೆಯ ಇಸವಿ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿತು. ಬಳ್ಳಾರಿ ಜಿಲ್ಲೆ ಆಗ ಒಡೆಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಕೂಡಿಸಲಾಯಿತು. ಮಡಕಶಿರವು ಮೊದಲಿನಿಂದಲೂ ಅನಂತಪುರದ ತಾಲ್ಲೂಕು. 2022ರಿಂದೀಚೆಗೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮೂರು ಕಡೆ ತುಮಕೂರು ಸೀಮೆ ಅದನ್ನು ಸುತ್ತಿಕೊಂಡಿದೆ. ಅಗಳಿ, ರೊಳ್ಳ, ಅಮರಾಪುರಗಳ ಮನೆಮಾತು ಏನೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಏಕೀಕರಣ ಗೀತೆಯನ್ನು ಹಾಡಿದರು. 1956ರಲ್ಲಿ ಆ ಕನಸು ಕೈಗೂಡಿತು. ನಾವು ಮಾತ್ರ ಗೆರೆಯ ಈಚೆಗೆ ಉಳಿದೆವು. ಈ ಹಳೆಯ ಕಥೆಯನ್ನು ಇಲ್ಲಿ ಎತ್ತಿದ್ದು ವ್ಯಾಜ್ಯಕ್ಕಾಗಿ ಅಲ್ಲ. ನೆರೆಯ ತೆಲುಗರು ನಮ್ಮ ಬಂಧುಗಳು. ಘಂಟಸಾಲರ ಭಗವದ್ಗೀತೆ ಗುಡಿಯ ಮೈಕಿನಲ್ಲಿ ಬಂದಾಗ ಕೈಮುಗಿದು ನಿಂತವರಲ್ಲಿ ನಾವೂ ಇದ್ದೇವೆ. ಹೇಳಬೇಕಾದ ಸಂಗತಿ ಇಷ್ಟೆ: ಕಚೇರಿಯ ಮಾತು, ನಾಮಫಲಕ, ಸಿನಿಮಾ ಮಂದಿರದ ಪರದೆ ಇವೆಲ್ಲ ಕ್ರಮವಾಗಿ ಇನ್ನೊಂದು ಭಾಷೆಗೆ ಸಂದಮೇಲೆ ಕನ್ನಡಕ್ಕೆ ಉಳಿದದ್ದು ಶಾಲೆ ಮತ್ತು ಮನೆ. ಮನೆಗೆ ಕನ್ನಡವನ್ನು ಹೊತ್ತು ತಂದ ಸಾಧನಗಳಲ್ಲಿ ಒಂದು ರೇಡಿಯೊ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನೂ ಬೆಂಗಳೂರು ಕೇಂದ್ರವನ್ನೂ ಗರಗರ ಶಬ್ದದ ನಡುವೆ ಹುಡುಕಿ ಕೇಳಿದವರು ಎಷ್ಟೋ ಜನ. ಇನ್ನೊಂದು, ಕ್ಯಾಸೆಟ್ಟು.

ಕ್ಯಾಸೆಟ್ಟನ್ನು ಹಾಲೆಂಡಿನ ಫಿಲಿಪ್ಸ್ ಕಂಪನಿಯವರು 1963ರಲ್ಲಿ ಹೊರತಂದರು. ನಮ್ಮ ದೇಶದಲ್ಲಿ ಅದು ಹಬ್ಬಿದ್ದು 1970ರ ದಶಕದ ಕೊನೆಗೆ. ಕನ್ನಡದಲ್ಲಿ ಅದರ ಶುಭಾರಂಭವನ್ನು ಮಾಡಿಸಿದ್ದು ಸಿನಿಮಾ ಅಲ್ಲ, ಕಾವ್ಯ. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಭಾವಗೀತೆಗಳ ಮೊದಲ ಧ್ವನಿಸುರುಳಿಯಾಗಿ ಬಂದಿತು. ಕನ್ನಡ ಪಂಡಿತರಾದ ನಾವು ಈ ಮಾತನ್ನು ತುಸು ಹೆಮ್ಮೆಯಿಂದಲೇ ಬರೆಯುತ್ತಿದ್ದೇವೆ.

ಕ್ಯಾಸೆಟ್ಟು ಅಗ್ಗ, ಕೈಜಾರಿದರೆ ಒಡೆಯದು, ಒಂದರಿಂದ ಇನ್ನೊಂದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಈ ಮೂರು ಗುಣಗಳು ದೊಡ್ಡ ಕಂಪನಿಯ ಏಕಸ್ವಾಮ್ಯವನ್ನು ಮುರಿದವು. ತಟ್ಟೆಯನ್ನೊತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ಟಿಗೆ ಒಂದು ಕೋಣೆ ಸಾಕು. ಪೀಟರ್ ಮ್ಯಾನುಯೆಲ್ ಎಂಬ ಅಮೆರಿಕದ ವಿದ್ವಾಂಸರು 1993ರಲ್ಲಿ ಪ್ರಕಟಿಸಿದ 'ಕ್ಯಾಸೆಟ್ ಕಲ್ಚರ್' ಎಂಬ ಗ್ರಂಥದಲ್ಲಿ ಉತ್ತರ ಭಾರತದ ಬಗ್ಗೆ ಇದನ್ನೇ ವಿಸ್ತಾರವಾಗಿ ವಿವರಿಸಿದ್ದಾರೆ: ಹಿಂದಿಯ ಸಿನಿಮಾ ಗೀತೆಗಳ ನೆರಳಿನಲ್ಲಿದ್ದ ಪ್ರಾಂತ ಪ್ರಾಂತಗಳ ಹಾಡು ಕ್ಯಾಸೆಟ್ಟಿನಿಂದ ತಲೆಯೆತ್ತಿತು ಎಂದು. ಕನ್ನಡದಲ್ಲಿಯೂ ಆದದ್ದು ಅದೇ. ಸಂಗೀತಾ, ಲಹರಿ, ಝೇಂಕಾರ್ ಮುಂತಾದ ಬೆಂಗಳೂರಿನ ಸಂಸ್ಥೆಗಳು ಎದ್ದು ನಿಂತವು. 1987ರಲ್ಲಿ ಬಂದ 'ಪ್ರೇಮಲೋಕ' ಚಿತ್ರದ ಹಂಸಲೇಖರ ಗೀತೆಗಳು ಲಹರಿಯವರ ಕ್ಯಾಸೆಟ್ಟಿನ ಮೂಲಕ ಹರಡಿದ ವೇಗವನ್ನು ಕಂಡವರು ಬಲ್ಲರು. ಆ ಹಾಡುಗಳನ್ನು ಕೇಳದ ಚಹದಂಗಡಿ ರಾಯದುರ್ಗದಲ್ಲಿಯೂ ಇರಲಿಲ್ಲ. ಚಿತ್ರಮಂದಿರಕ್ಕೆ ಆ ಚಿತ್ರ ಬರುವುದನ್ನು ಯಾರೂ ಕಾಯಬೇಕಾಗಿರಲಿಲ್ಲ. ಗಡಿಯ ಜನಕ್ಕೆ ಕ್ಯಾಸೆಟ್ಟು ಮಾಡಿದ ಉಪಕಾರದ ಸಾರ ಈ ಕೊನೆಯ ಮಾತಿನಲ್ಲಿದೆ.

ನಮ್ಮ ಬಾಲ್ಯದಲ್ಲಿ, ಅಂದರೆ 1990ರ ಸುಮಾರಿನಲ್ಲಿ, ಬಳ್ಳಾರಿಗೆ ಹೋಗಿಬರುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತಿತ್ತು. ಔಷಧ, ಪಠ್ಯಪುಸ್ತಕ, ಕ್ಯಾಸೆಟ್ಟು. ದಾರಿ ಸುಮಾರು 50 ಕಿಲೋಮೀಟರು. ಒಂದು ಕ್ಯಾಸೆಟ್ಟಿಗೆ 25 - 30 ರೂಪಾಯಿ. ಅದು ಸಣ್ಣ ಮೊತ್ತವಲ್ಲ. ಆದುದರಿಂದ ಒಬ್ಬರು ಕೊಂಡದ್ದನ್ನು ಹತ್ತು ಮನೆಯವರು ಎರವಲು ಪಡೆಯುವುದು ಪದ್ಧತಿ. ನಮ್ಮ ತಂದೆಯವರು ಎರವಲಿಗಾಗಿ ಒಂದು ನೋಟುಪುಸ್ತಕವನ್ನೇ ಇಟ್ಟಿದ್ದರು. ಅದನ್ನು ಈಗ ತಿರುವಿ ನೋಡಿದರೆ ಆ ಕಾಲದ ಒಂದು ಕನ್ನಡ ಕೇರಿಯ ಅಭಿರುಚಿಯೇ ಎದುರಿಗೆ ಬಂದು ನಿಲ್ಲುತ್ತದೆ. ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಮನೆಗೆ ಹಿಂದಿರುಗಿದ್ದೇ ಅಪರೂಪ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ಸರಕಾರಿ ನೌಕರರೇ ಹೆಚ್ಚಾಗಿ ಒಯ್ದಿದ್ದಾರೆ. ಧೀರೇಂದ್ರ ಗೋಪಾಲರ ಹಾಸ್ಯವನ್ನು ಒಯ್ದವರು ಹೆಸರಿನ ಮುಂದೆ ಸಹಿ ಮಾಡಲು ಸ್ವಲ್ಪ ಸಂಕೋಚಪಟ್ಟಂತೆ ತೋರುತ್ತದೆ. ಭೀಮಸೇನ ಜೋಶಿ, ವಿದ್ಯಾಭೂಷಣರ ದಾಸರ ಪದಗಳು, ಸಿ. ಅಶ್ವಥರ ಶಿಶುನಾಳ ಷರೀಫರ ಪದಗಳು, ಡಾ. ರಾಜ್‌ಕುಮಾರರು ಹಾಡಿದ ರಾಘವೇಂದ್ರಸ್ವಾಮಿಗಳ ಭಕ್ತಿಗೀತೆಗಳು ಎಲ್ಲವೂ ಆ ಪುಸ್ತಕದಲ್ಲಿವೆ. ಒಯ್ದವರಲ್ಲಿ ತೆಲುಗು ಮನೆಮಾತಿನವರೂ ಕೆಲವರಿದ್ದಾರೆ.

ಇನ್ನೊಂದು ಸಂಗತಿ ನಮ್ಮ ಉದ್ಯೋಗಕ್ಕೆ ಸಂಬಂಧಪಟ್ಟದ್ದು. ಕ್ಯಾಸೆಟ್ಟಿನ ಡಬ್ಬಿಯಲ್ಲಿ ಮಡಿಚಿಟ್ಟ ಒಂದು ಕಾಗದ ಇರುತ್ತಿತ್ತು. ಅದರಲ್ಲಿ ಹಾಡು, ಹಾಡಿದವರು, ರಾಗ ಹಾಕಿದವರು, ಬರೆದವರು ಎಂದು ವಿಂಗಡಿಸಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತಿತ್ತು. ಭಾವಗೀತೆಗಳಾದರೆ ಕೆಲವು ವೇಳೆ ಸಾಹಿತ್ಯವೂ ಪೂರ್ಣವಾಗಿ ಇರುತ್ತಿತ್ತು. ಬೇಂದ್ರೆ, ಕುವೆಂಪು, ಕೆ. ಎಸ್. ನರಸಿಂಹಸ್ವಾಮಿ, ಜಿ. ಎಸ್. ಶಿವರುದ್ರಪ್ಪ ಈ ಹೆಸರುಗಳನ್ನು ನಾವು ಮೊದಲು ಓದಿದ್ದು ಪಠ್ಯಪುಸ್ತಕದಲ್ಲಿ ಅಲ್ಲ, ಆ ಮಡಿಕೆಯ ಕಾಗದದಲ್ಲಿ. ಹಾಡು ಕೇಳುತ್ತ ಕಾಗದದ ಮೇಲೆ ಬೆರಳಿಟ್ಟು ಓದಿದ ಮಕ್ಕಳಿಗೆ ಒತ್ತಕ್ಷರ ತಾನಾಗಿಯೇ ಒಲಿಯಿತು. ಊರಿನ ಗೋಡೆಗಳ ಮೇಲೆ ಕನ್ನಡ ಅಕ್ಷರ ವಿರಳವಾಗಿದ್ದ ಕಡೆ ಆ ಅಂಗೈಯಗಲದ ಕಾಗದವು ಸಣ್ಣ ವಸ್ತುವಲ್ಲ.

ಇಳಿಗಾಲವು ಮೆಲ್ಲನೆ ಬಂದಿತು. 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸಿ. ಡಿ. ನಮ್ಮೂರನ್ನು ಮುಟ್ಟಿದ್ದು ಸುಮಾರು ಎರಡು ದಶಕಗಳ ನಂತರ. ಅದರ ಬೆನ್ನಿಗೇ ಎಂ. ಪಿ. 3 ಬಂದಿತು: ಹತ್ತು ಕ್ಯಾಸೆಟ್ಟುಗಳ ಹಾಡು ಒಂದೇ ತಟ್ಟೆಯಲ್ಲಿ. 2006ರ ಕೊನೆಗೆ ತೆರೆಕಂಡ 'ಮುಂಗಾರು ಮಳೆ' ಚಿತ್ರದ ಹಾಡುಗಳನ್ನು ಹುಡುಗರು ಅಂಗಡಿಗೆ ಹೋಗಿ ಕೇಳಿ ಕೊಂಡುಕೊಂಡದ್ದನ್ನು ನಾವು ಕಂಡಿದ್ದೇವೆ. ಅಂಥ ನೂಕುನುಗ್ಗಲನ್ನು ಆಮೇಲೆ ಕಾಣಲಿಲ್ಲ. ಆ ತರುವಾಯ ಕೆಲವು ವರ್ಷ ನಡೆದದ್ದು ಒಂದು ವಿಚಿತ್ರವಾದ ವ್ಯಾಪಾರ. ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ 'ಚಿಪ್ಪಿ'ಗೆ ನೂರಾರು ಹಾಡು ತುಂಬಿಸಿಕೊಡುತ್ತಿದ್ದರು. ಕವಿಗೂ ಗಾಯಕನಿಗೂ ಅದರಿಂದ ಒಂದು ಕಾಸೂ ಸಲ್ಲುತ್ತಿರಲಿಲ್ಲವೆಂಬುದು ನಿಜ. ನಾವೂ ತುಂಬಿಸಿಕೊಂಡೆವೆಂಬುದೂ ನಿಜ. 2016ರಲ್ಲಿ ಜಿಯೋ ಸಂಸ್ಥೆಯವರು ಅಂತರ್ಜಾಲವನ್ನು ಅತಿ ಅಗ್ಗವಾಗಿ ಕೊಡತೊಡಗಿದ ಮೇಲೆ ಚಿಪ್ಪು ತುಂಬಿಸುವ ಕೆಲಸವೂ ನಿಂತಿತು.

ಹೊರಲೋಕದಲ್ಲಿಯೂ ಇದೇ ಕಾಲದಲ್ಲಿ ಇದೇ ಬಗೆಯ ಪತನ. ಧ್ವನಿಮುದ್ರಣ ಉದ್ಯಮದ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಂತೆ 2014ರಲ್ಲಿ ಮೊದಲಬಾರಿಗೆ ತಟ್ಟೆ ಮೊದಲಾದವುಗಳ ಮಾರಾಟದ ವರಮಾನವೂ ಅಂತರ್ಜಾಲದ ವರಮಾನವೂ ಶೇಕಡಾ 46ರಂತೆ ಸಮನಾದವು. ಅನಂತರ ತಕ್ಕಡಿ ಒಂದೇ ಕಡೆಗೆ ವಾಲಿತು. ಮುಂಬಯಿಯ ಹೆಸರಾಂತ 'ರಿದಮ್ ಹೌಸ್' ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ವಿನೋದವೆಂದರೆ, ಸತ್ತೇಹೋಯಿತೆಂದುಕೊಂಡಿದ್ದ ದೊಡ್ಡ ತಟ್ಟೆಗಳು ಅಮೆರಿಕದಲ್ಲಿ 2020ರಲ್ಲಿ ಸಿ. ಡಿ.ಗಳಿಗಿಂತ ಹೆಚ್ಚು ಹಣ ತಂದವು; 1986ರ ಬಳಿಕ ಹೀಗಾದದ್ದು ಅದೇ ಮೊದಲು. ಅದು ಸಿರಿವಂತರ ಹವ್ಯಾಸ. ಅಮರಾಪುರದ ರೈತನಿಗೂ ಅದಕ್ಕೂ ಸಂಬಂಧವಿಲ್ಲ.

ಹೊಸ ಕಾಲವನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಬಳ್ಳಾರಿಯ ಯಾವ ಅಂಗಡಿಯಲ್ಲಿಯೂ ದೊರೆಯದಿದ್ದ ಹಾಡು ಇಂದು ಅಗಳಿಯ ಹುಡುಗಿಯೊಬ್ಬಳಿಗೆ ಬೆರಳ ತುದಿಯಲ್ಲಿದೆ. ಕಾಳಿಂಗರಾಯರ ಹಳೆಯ ತಟ್ಟೆಗಳನ್ನು ರಸಿಕರು ಯೂಟ್ಯೂಬಿಗೆ ಏರಿಸಿದ್ದಾರೆ. ತರಗತಿಯಲ್ಲಿ ಪದ್ಯ ಪಾಠ ಮಾಡುವಾಗ ನಾವೇ ಅವನ್ನು ನುಡಿಸಿ ತೋರಿಸುತ್ತೇವೆ. ಬಡವನ ಮಗನೂ ಸಿರಿವಂತನ ಮಗನೂ ಒಂದೇ ಹಾಡನ್ನು ಕೇಳುವ ಕಾಲ ಹಿಂದೆಂದೂ ಇರಲಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ ಕವಿಗೂ ಸಂಗೀತ ನಿರ್ದೇಶಕನಿಗೂ ಗೌರವಧನದಲ್ಲಿ ಪಾಲು ಗಟ್ಟಿಯಾಗಿದೆ. ಕ್ಯಾಸೆಟ್ಟಿನ ಸುಗ್ಗಿಯಲ್ಲಿ ಅವರಿಗೆ ಅಷ್ಟು ರಕ್ಷಣೆ ಇರಲಿಲ್ಲ.

ಆದರೂ ಫೋನಿನಲ್ಲಿ ಕವಿಯ ಹೆಸರು ಕಾಣುವುದು ಅಪರೂಪ. ಸಾಹಿತ್ಯ ಸಿಕ್ಕರೂ ಅದು ಎಷ್ಟೋ ವೇಳೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಮಕ್ಕಳು ಹಾಡನ್ನು ಪೂರ್ತಿಯಾಗಿ ಬಲ್ಲರು, ಅದರ ಒಂದು ಸಾಲನ್ನು ಕನ್ನಡದಲ್ಲಿ ಬರೆಯೆಂದರೆ ತಡವರಿಸುವರು. ಇನ್ನೂ ಒಂದು ತೊಡಕು ಗಡಿಯವರಿಗೇ ವಿಶೇಷವಾದದ್ದು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದರೆ ಅದನ್ನು ತಿರುಗಿಸಿ ಹಾಕುತ್ತಿದ್ದೆವು. ಅಲ್ಲಿಯೂ ಕನ್ನಡವೇ ಇರುತ್ತಿತ್ತು. ಫೋನು ಒಂದು ಹಾಡಿನ ಹಿಂದೆ ಇನ್ನೊಂದನ್ನು ತಾನೇ ಆರಿಸಿ ಹಾಕುತ್ತದೆ. ದಾಸರ ಪದದಿಂದ ಹೊರಟರೆ ಮೂರನೆಯದೋ ನಾಲ್ಕನೆಯದೋ ತೆಲುಗು ಇಲ್ಲವೆ ಹಿಂದಿಯ ಹೊಸ ಹಾಡಾಗಿರುವುದು ನಮ್ಮ ಮನೆಯ ಅನುಭವ. ಕೇಳುವವನು ಎಲ್ಲಿದ್ದಾನೆಂಬುದನ್ನು ಯಂತ್ರವು ಬಲ್ಲದು. ಯಾರೆಂಬುದು ಅದಕ್ಕೆ ತಿಳಿಯದು. ಯಾವುದನ್ನು ಕೇಳಬೇಕೆಂದು ಆರಿಸಿ, ಹಣ ತೆತ್ತು, 50 ಕಿಲೋಮೀಟರು ಹೊತ್ತು ತರುವ ಶ್ರಮ ಹೋದಂತೆ ಆ ಆಯ್ಕೆಯೂ ನಮ್ಮ ಕೈಯಿಂದ ಜಾರಿದೆ.

ಇದೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು, ಯಾವ ಕಂಪನಿಯೂ ಮುದ್ರಿಸದ ಹಾಡುಗಳ ಗತಿ. ಕ್ಯಾಸೆಟ್ಟು ಕೊಂಡುಕೊಳ್ಳುವ ವಸ್ತು ಮಾತ್ರವಾಗಿರಲಿಲ್ಲ. ಖಾಲಿ ಸುರುಳಿಯಲ್ಲಿ ನಮ್ಮ ದನಿಯನ್ನೇ ತುಂಬಿಕೊಳ್ಳಬಹುದಾಗಿತ್ತು. ನಮ್ಮ ಸೀಮೆಯ ಬಯಲಾಟ, ಭಜನೆ, ತತ್ವಪದ, ಸೋಬಾನೆ ಇವನ್ನೆಲ್ಲ ಮನೆಮನೆಗಳಲ್ಲಿ ಹಾಗೆ ಹಿಡಿದಿಟ್ಟವರಿದ್ದಾರೆ. ಹೇಮಾವತಿಯಲ್ಲಿ ನೊಳಂಬರು ಕಲ್ಲಿನ ಮೇಲೆ ಕೊರೆಯಿಸಿದ ಕನ್ನಡ ಸಾವಿರ ವರ್ಷ ಮಳೆಬಿಸಿಲಿಗೆ ನಿಂತು ಇಂದಿಗೂ ಓದಿಸಿಕೊಳ್ಳುತ್ತದೆ. ಸುರುಳಿಯ ಆಯುಸ್ಸು ಅಷ್ಟಲ್ಲ. ಶಾಖಕ್ಕೆ ಅದರ ಲೇಪ ಸಡಿಲುವುದು. ತೇವಕ್ಕೆ ಬೂಷ್ಟು ಹಿಡಿಯುವುದು. ಪಟ್ಟಿಯನ್ನು ಒತ್ತಿಹಿಡಿಯುವ ಪುಟ್ಟ ಬಟ್ಟೆಯ ತುಣುಕು ಕಳಚಿಬೀಳುವುದು. ಮೂವತ್ತು ವರ್ಷ ದಾಟಿದ ಕ್ಯಾಸೆಟ್ಟು ಇನ್ನೆಷ್ಟು ದಿನ ನುಡಿದೀತೆಂಬ ಭರವಸೆಯಿಲ್ಲ. ನುಡಿಸುವ ಯಂತ್ರಗಳೂ ಅಪರೂಪವಾಗಿವೆ.

ಸಂಘದ ಬೀರುವಿನಲ್ಲಿ ಇಂಥ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆಯಿರುವುದು ಕಳೆದ ವರ್ಷ ನಮ್ಮ ಕಣ್ಣಿಗೆ ಬಿದ್ದಿತು. ನುಡಿಸುವುದೆಲ್ಲಿ? ಕೊನೆಗೆ ಪೇಟೆಯ ಒಬ್ಬ ದರ್ಜಿಯವರಲ್ಲಿ ಚೆನ್ನಾಗಿ ನಡೆಯುವ ಟೇಪ್‌ರೆಕಾರ್ಡರು ಸಿಕ್ಕಿತು. ರಾತ್ರಿ ಹೊಲಿಗೆ ನಿಂತಮೇಲೆ ಅವರ ಅಂಗಡಿಯಲ್ಲಿ ಕುಳಿತು ಒಂದೊಂದಾಗಿ ಫೋನಿಗೆ ಇಳಿಸಿಕೊಳ್ಳತೊಡಗಿದೆವು. ಕಾಯಿದೆಯ ಮಾತನ್ನೂ ಹೇಳಿಬಿಡೋಣ. ಪ್ರಕಟವಾಗಿ 60 ವರ್ಷ ಸಂದ ಧ್ವನಿಮುದ್ರಣಕ್ಕೆ ನಮ್ಮ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ಆದರೆ ಅದರೊಳಗಿನ ಸಾಹಿತ್ಯಕ್ಕೂ ರಾಗರಚನೆಗೂ ಕರ್ತೃವಿನ ಮರಣಾನಂತರ 60 ವರ್ಷ ಸ್ವಾಮ್ಯವಿದೆ. ನಮ್ಮ ಅಜ್ಜಿಯರ ಸೋಬಾನೆಗೆ ಈ ಗೊಡವೆಯೇ ಇಲ್ಲ. ಮನೆಯಲ್ಲಿ ಅಂಥ ಕ್ಯಾಸೆಟ್ಟುಗಳಿರುವವರು ತಂದುಕೊಟ್ಟರೆ ಇಳಿಸಿಕೊಂಡು, ಮೂಲವನ್ನು ಹಾಗೆಯೇ ಹಿಂದಿರುಗಿಸುವ ಏರ್ಪಾಡನ್ನು ಸಂಘದಲ್ಲಿ ಮಾಡಿದ್ದೇವೆ.

ನಮ್ಮ ಮನೆಯಿಂದಲೂ ಒಂದನ್ನು ಒಯ್ದೆವು. 1993ರಲ್ಲಿ ನಮ್ಮ ಸೋದರತ್ತೆಯವರು ಬೀಸುವ ಪದಗಳನ್ನು ಹಾಡಿದ್ದು. ಅವರು ಈಗಿಲ್ಲ. ಮೊದಲ ಮಗ್ಗುಲು ಸ್ವಚ್ಛವಾಗಿ ಬಂದಿತು. ಒಂದು ಪದ ಮುಗಿದಾಗ ಅವರು "ಅದ್ರಾಗ ಬಂತೇನಪ್ಪ?" ಎಂದು ಕೇಳುವುದೂ, ನಮ್ಮ ತಂದೆಯವರು ನಗುವುದೂ ಅದರಲ್ಲಿದೆ. ಎರಡನೆಯ ಮಗ್ಗುಲಿನ ಮೂರನೆಯ ಪದ ಎರಡು ನುಡಿ ಆಗುವಷ್ಟರಲ್ಲಿ 'ಟಕ್' ಎಂಬ ಶಬ್ದವಾಗಿ ರೇಡಿಯೊದಿಂದ ಹಿಡಿದ ಒಂದು ಸಿನಿಮಾ ಹಾಡು ಆರಂಭವಾಯಿತು. ಅದನ್ನು ತುಂಬಿದವರು ಬೇರಾರೂ ಅಲ್ಲ. ಹದಿನೈದು ವರ್ಷದ ಹುಡುಗನಾಗಿದ್ದ ನಾವೇ. ಖಾಲಿ ಕ್ಯಾಸೆಟ್ಟಿಗೆ ಹಣವಿರಲಿಲ್ಲ. ಅತ್ತೆಯವರು ಮನೆಯಲ್ಲಿಯೇ ಇದ್ದರು, ಬೇಕೆಂದಾಗ ಹಾಡುವವರು. ದರ್ಜಿಯವರು ಸ್ವಲ್ಪ ಹೊತ್ತು ಕಾದು ಗುಂಡಿಯನ್ನು ಒತ್ತಿ ನಿಲ್ಲಿಸಿದರು.

ಮರುವಾರ ಬೊಮ್ಮನಹಾಳಿನಲ್ಲಿರುವ ಅತ್ತೆಯವರ ಮಗಳಿಗೆ ಅದನ್ನು ಕೇಳಿಸಿದೆವು. ಆ ಪದಕ್ಕೆ ಆರು ನುಡಿಗಳಿವೆಯೆಂದು ಅವರು ಹೇಳಿದರು. ಉಳಿದ ನಾಲ್ಕರಲ್ಲಿ ಎರಡು ಅವರಿಗೆ ನೆನಪಿದ್ದವು. ಅವನ್ನು ಅದೇ ಫೋನಿಗೆ ಹಾಡಿಸಿಕೊಂಡು ಬಂದೆವು.